ಕಟ್ಟಡದ ವಯಸ್ಸೂ ಖಾಡಿಯ ನೀರೂ

ತಾಮ್ರಪಟಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ನನಗೆ, ಒಂದು ವಿಮಾ ಅರ್ಜಿ ತುಂಬುವುದು ಮಧ್ಯಾಹ್ನದ ನಿದ್ರೆಗೆ ಮುಂಚೆ ಮುಗಿಸಬಹುದಾದ ಕೆಲಸವೆಂದೇ ತೋರಿತ್ತು. ಆಳ್ವಿಕೆಯ ವರ್ಷಗಳನ್ನು ತಿರುಚಿದ ರಾಜರನ್ನೇ ಹಿಡಿದು ನಿಲ್ಲಿಸಿದವನು ನಾನು. ಠಾಣೆ ಕಡೆಯ ಕಲ್ಯಾಣದ ನಾಲ್ಕು ಮಹಡಿಯ ಕಟ್ಟಡವೊಂದು ನನ್ನೆದುರು ಎಷ್ಟು ಹೊತ್ತು ನಿಂತೀತು?

ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಇಳಿಯುವ ರಸ್ತೆಯಲ್ಲಿರುವ ಆ ಕಟ್ಟಡದ ನೆಲಮಹಡಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ವಿಮಲಾಳ ಹೊಲಿಗೆ ತರಗತಿ: ನಾಲ್ಕು ಸಾಮಾನ್ಯ ಯಂತ್ರ, ಬಟ್ಟೆಯ ಅಂಚು ಹೊಲಿಯುವ ಒಂದು ದೊಡ್ಡ ಇಂಟರ್‌ಲಾಕ್ ಯಂತ್ರ. ನನ್ನ ಪಿಂಚಣಿ ಬಹುಪಾಲು ಪುಸ್ತಕದಂಗಡಿಗಳಿಗೆ ಸಲ್ಲುತ್ತಿದ್ದುದರಿಂದ ಸಂಸಾರ ಸಾಗುತ್ತಿದ್ದುದು ಆ ಯಂತ್ರಗಳ ಬಲದಿಂದ. ಇದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಎತ್ತಿಯೂ ಆಡಿಲ್ಲ.

2005ರ ಜುಲೈ 26ರಂದು ಈ ಮನೆಗೆ ನೀರು ನುಗ್ಗಿತ್ತೆಂಬ ಸಂಗತಿ ನಮಗೆ ತಿಳಿದದ್ದು ಮನೆ ಕೊಂಡ ಮೇಲೆ. ಮಾರಿದವನು ಗೋಡೆಗಳಿಗೆ ಹೊಸ ಬಣ್ಣ ಬಳಿಸಿ ಕೊಟ್ಟಿದ್ದ. ಮೇಲಿನ ಮಹಡಿಯ ಜೋಶಿ ಕಾಕು ಒಂದು ದಿನ ಮಾತಿನ ನಡುವೆ, "ಮಂಗಳವಾರ ಹೋತಾ. ಇಥಪರ್ಯಂತ ಪಾಣಿ," ಎಂದು ಸೊಂಟಕ್ಕೆ ಕೈಯಿಟ್ಟು ತೋರಿಸಿದರು.

ನಾನು ಹಳೆಯ ಪಂಚಾಂಗ ತೆರೆದು ನೋಡಿದೆ. ಮಂಗಳವಾರವೇ.

"ಸಾಕ್ಷಿ ವಿಶ್ವಾಸಾರ್ಹ," ಎಂದು ವಿಮಲಾಳಿಗೆ ತಿಳಿಸಿದೆ. "ವಾರ ತಾಳೆಯಾಗುತ್ತದೆ."

"ವಾರ ಇರಲಿ, ಸೊಂಟ ನೋಡಿ," ಎಂದಳು ಅವಳು. "ಇಂಟರ್‌ಲಾಕಿನ ಮೋಟಾರು ಇರುವುದು ಮೊಣಕಾಲಿಗಿಂತ ಕೆಳಗೆ. ಮಳೆಗಾಲಕ್ಕೆ ಮುಂಚೆ ವಿಮೆ ಮಾಡಿಸಿ."

ಮರುದಿನವೇ ಶೆಟ್ಟರು ಬಂದರು. ಕುಂದಾಪುರದ ಕಡೆಯವರು. ಠಾಣೆಯ ನೌಪಾಡಾದಲ್ಲಿ ಬಹುಕಾಲ ಹೋಟೆಲು ನಡೆಸಿ, ಮೊಣಕಾಲು ನೋವಿನಿಂದ ಅದನ್ನು ಬಿಟ್ಟು ವಿಮಾ ಏಜೆಂಟರಾದವರು. ಊಟದ ಬಗೆಗಳನ್ನು ಹೇಳಿದಷ್ಟೇ ಸಲೀಸಾಗಿ ವಿಮೆಯನ್ನು ವಿವರಿಸಿದರು:

"ಸಾರ್, ಗೋಡೆಗೆ ಬೇರೆ, ಒಳಗಿನ ಸಾಮಾನಿಗೆ ಬೇರೆ. ಬರೀ ಗೋಡೆಗೆ ಮಾಡಿಸಿದ್ರೆ ಮೆಷಿನ್ ತೇಲಿ ಹೋದ್ರೂ ಕಂಪೆನಿ ಟಾಟಾ ಮಾಡ್ತದೆ. ಪ್ರವಾಹ ಸೇರಿದೆಯಾ ಅಂತ ಓದಿ ನೋಡ್ಬೇಕು. ಹಿಂದೆ ನೀರು ಬಂದದ್ದನ್ನು ಮುಚ್ಚಿಡ್ಬಾರ್ದು. ಮತ್ತೆ, ಚೆಕ್ಕು ಆಫೀಸಿಗೆ ಮುಟ್ಟುವ ತನಕ ಎಂಥದೂ ಇಲ್ಲ."

ಎಲ್ಲವೂ ನಿರ್ವಿಘ್ನವಾಗಿ ಸಾಗಿ, ಅರ್ಜಿಯ ಒಂದು ಪ್ರಶ್ನೆಯ ಬಳಿ ಬಂದು ನಿಂತಿತು: ಕಟ್ಟಡ ನಿರ್ಮಾಣವಾದ ವರ್ಷ ಯಾವುದು?

ಗೇಟಿನ ಅಮೃತಶಿಲೆಯ ಫಲಕ ಒಂದು ವರ್ಷ ಹೇಳುತ್ತಿತ್ತು. ನಮ್ಮ ಕರಾರುಪತ್ರ ಅದಕ್ಕಿಂತ ಹಿಂದಿನ ವರ್ಷ ಹೇಳುತ್ತಿತ್ತು. ಸೊಸೈಟಿಯ ಕಾರ್ಯದರ್ಶಿ ಮೂರನೆಯದೊಂದನ್ನು ಹೇಳಿದರು. ಜೋಶಿ ಕಾಕು ಗೃಹಪ್ರವೇಶದಂದು ತಮ್ಮ ಮಗ ತೆವಳುತ್ತಿದ್ದನೆಂದರು. ಆ ಮಗನ ಈಗಿನ ವಯಸ್ಸಿನಿಂದ ಲೆಕ್ಕ ಹಾಕಿದರೆ ಕಟ್ಟಡಕ್ಕಿಂತ ಮೊದಲೇ ಗೃಹಪ್ರವೇಶವಾಗಿತ್ತು.

"ಯಾವುದಾದ್ರೂ ಒಂದು ಹಾಕಿ ಸಾರ್," ಎಂದರು ಶೆಟ್ಟರು. "ನೀರು ಬೋರ್ಡು ಓದಿಕೊಂಡು ಬರ್ತದಾ?"

ಸಂದಿಗ್ಧ ಕಾಲಮಾನಕ್ಕೆ ಸಹಿ ಹಾಕುವ ಪರಿಪಾಠ ನನಗಿಲ್ಲವೆಂದು ಗಂಭೀರವಾಗಿ ತಿಳಿಸಿ, ಚೆಕ್‌ಬುಕ್ಕನ್ನು ಮೇಜಿನ ಖಾನೆಯಲ್ಲಿಟ್ಟು ಸಂಶೋಧನೆಗೆ ಹೊರಟೆ. ಪಾಲಿಕೆಗೆ ಹೋದೆ. ಬಿಲ್ಡರನ ಮಗನನ್ನು ಉಲ್ಹಾಸನಗರದ ಅಂಗಡಿಯೊಂದರಲ್ಲಿ ಪತ್ತೆಹಚ್ಚಿದೆ. ಆತ ಚಹಾ ಕೊಟ್ಟ, ವರ್ಷ ಕೊಡಲಿಲ್ಲ. ಅಷ್ಟರಲ್ಲಿ ಜೂನ್ ಬಂತು. ವಿಮಲಾ ಕೇಳುವುದನ್ನು ನಿಲ್ಲಿಸಿದಳು. ಮೌನವನ್ನು ನಾನು ಸಮ್ಮತಿಯೆಂದು ವ್ಯಾಖ್ಯಾನಿಸಿದೆ.

ಕೊನೆಗೂ ಪಾಲಿಕೆಯಿಂದ ಪೂರ್ಣತಾ ಪ್ರಮಾಣಪತ್ರದ ನಕಲು ಕೈಸೇರಿದ ದಿನ, ಬೆಳಗಿನಿಂದ ಮಳೆ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ನಾಲ್ಕು ಮತಗಳನ್ನೂ ಖಂಡಿಸುವ ಐದನೆಯ ವರ್ಷ ಅದರಲ್ಲಿತ್ತು. ನನಗಾದ ಆನಂದ ವರ್ಣನಾತೀತ. ಅರ್ಜಿ ತುಂಬಿದೆ, ಚೆಕ್ಕು ಬರೆದೆ, ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು ಠಾಣೆಯ ಲೋಕಲ್ ರೈಲು ಹತ್ತಿದೆ.

ದಿವಾ ನಿಲ್ದಾಣ ದಾಟುವಾಗ ವಿಮಲಾಳ ಫೋನು. "ಗಟಾರ ತುಂಬಿದೆ."

ಮುಂಬ್ರಾದಲ್ಲಿ ಮತ್ತೊಂದು. "ಗೇಟಿನ ಒಳಗೆ ಬಂತು. ಕೊಟ್ಟಿರಾ?"

"ಗಾಡಿ ನಿಂತಿದೆ."

"ನೀರು ನಿಂತಿಲ್ಲ."

ಗಾಡಿ ತೆವಳುತ್ತ ಕಳವಾ ಮುಟ್ಟಿ ಪ್ರಾಣ ಬಿಟ್ಟಿತು. ಇಳಿದು ನಡೆದೆ. ಸೇತುವೆಯ ಮೇಲೆ ಒಂದು ಕ್ಷಣ ನಿಂತು ಕೆಳಗೆ ನೋಡಿದೆ. ಖಾಡಿ ಕೆಸರುಬಣ್ಣಕ್ಕೆ ತಿರುಗಿ, ಸೇತುವೆಯ ಕಂಬಗಳನ್ನು ತಬ್ಬಿ ಏರುತ್ತಿತ್ತು. ಭರತದ ಹೊತ್ತು. ಇದರದೇ ಇನ್ನೊಂದು ಕೈ ನಮ್ಮ ರಸ್ತೆಯ ತುದಿಯಲ್ಲಿದೆಯೆಂಬುದು ಆ ತನಕ ನನಗೆ ಭೂಗೋಳದ ವಿಷಯವಾಗಿತ್ತು. ಕೊಡೆ ಮಡಚಿ ಓಡಿದೆ. ನಾನು ಓಡಿದ್ದಕ್ಕೆ ಹಿಂದಿನ ದಾಖಲೆ ಯಾವುದೂ ಇಲ್ಲ.

ನೌಪಾಡಾದ ವಿಮಾ ಕಚೇರಿಯ ಬಾಗಿಲಲ್ಲೇ ಶೆಟ್ಟರು ಕಾಯುತ್ತಿದ್ದರು. "ಬನ್ನಿ ಸಾರ್, ಮೇಡಂ ಹೊರಡ್ತಾ ಇದ್ದಾರೆ."

ಅಧಿಕಾರಿಣಿ ಅರ್ಜಿ ನೋಡಿದರು. ತಲೆದೂಗಿದರು. ಚೆಕ್ಕು ನೋಡಿದರು. ತಲೆ ಅಲ್ಲೇ ನಿಂತಿತು.

"ಸರ್, ಯೇ ಚೆಕ್ ಆಪ್‌ನೇ ಕಬ್ ಲಿಖಾ?"

"ಆಜ್," ಇವತ್ತೇ ಬರೆದದ್ದೆಂದೆ.

ಅವರು ಅದನ್ನು ನನ್ನ ಕಡೆ ತಿರುಗಿಸಿದರು. ದಿನ ಸರಿಯಿತ್ತು, ತಿಂಗಳು ಸರಿಯಿತ್ತು. ವರ್ಷದ ಜಾಗದಲ್ಲಿ, ನನ್ನ ಅತ್ಯಂತ ಸ್ಫುಟವಾದ ಕೈಬರಹದಲ್ಲಿ, ಕಟ್ಟಡ ಪೂರ್ಣಗೊಂಡ ವರ್ಷ ವಿರಾಜಮಾನವಾಗಿತ್ತು.

ಶೆಟ್ಟರು ಬಗ್ಗಿ ನೋಡಿದರು. "ಸಾರ್, ಈ ಚೆಕ್ಕಿನ ಕಾಲದಲ್ಲಿ ನನಗೆ ಮದುವೆಯೇ ಆಗಿರ್ಲಿಲ್ಲ."

ತಿದ್ದಿ ಸಹಿ ಮಾಡಿದರೆ ಸಾಕೆಂದು ಮೇಡಂ ಉದಾರವಾಗಿ ಪೆನ್ನು ಮುಂದೆ ಚಾಚಿದರು. ಕೈಗೆತ್ತಿಕೊಂಡೆ. ಫೋನು ಬಡಿದುಕೊಂಡಿತು.

"ಹೊಸ್ತಿಲು ದಾಟಿತು," ಎಂದಳು ವಿಮಲಾ. ಹಿಂದಿನಿಂದ ಹೆಂಗಸರ ದನಿ, ಕಬ್ಬಿಣ ಎಳೆದ ಸದ್ದು. ಕರೆ ಕಡಿಯಿತು.

ಮೇಡಂ ನನ್ನ ಮುಖ ನೋಡಿದರು. "ಘರ್ ಮೇ ಪಾನೀ ಆಯಾ ಕ್ಯಾ?"

ಶೆಟ್ಟರು ಚಾವಣಿಯ ಫ್ಯಾನನ್ನು ತದೇಕಚಿತ್ತದಿಂದ ಅವಲೋಕಿಸತೊಡಗಿದರು. ಮನೆಗೆ ನೀರು ಬಂದಿಲ್ಲವೆಂಬ ಒಂದೇ ಒಂದು ಸುಳ್ಳು ಸಾಕಿತ್ತು.

"ಆಯಾ," ಎಂದೆ.

ಅವರು ಪೆನ್ನನ್ನು ಮೃದುವಾಗಿ ಹಿಂದಕ್ಕೆ ತೆಗೆದುಕೊಂಡರು.

ಮರುದಿನ ಮನೆ ಸೇರಿದಾಗ ನೀರು ಇಳಿದು ಕೆಸರು ಉಳಿದಿತ್ತು. ವಿಮಲಾ, ಜೋಶಿ ಕಾಕು ಮತ್ತು ತರಗತಿಯ ಹೆಂಗಸರು ಕೂಡಿ ನಾಲ್ಕು ಯಂತ್ರಗಳ ತಲೆಗಳನ್ನು ಬಿಚ್ಚಿ ಮೇಲಕ್ಕೆ ಹೊತ್ತಿದ್ದರು. ಇಂಟರ್‌ಲಾಕ್ ಮಾತ್ರ ಯಾರಿಗೂ ಮಣಿದಿರಲಿಲ್ಲ. ಅದರ ಮೋಟಾರಿನಿಂದ ವಿಮಲಾ ಕೆಸರು ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಚಿಂದಿ ಬಟ್ಟೆ ಕೈಗೆತ್ತಿಕೊಂಡೆ.

"ವರ್ಷ ಸಿಕ್ಕಿತಲ್ಲ?" ಎಂದು ಕೇಳಿದಳು.

"ಸಿಕ್ಕಿತು."

"ಒಳ್ಳೆಯದಾಯಿತು," ಎಂದು ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆ ಮೋಟಾರು ಮತ್ತೆ ತಿರುಗಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಶೆಟ್ಟರು ಪುನಃ ಬಂದರು, ಈ ಸಲ ನೇರವಾಗಿ ವಿಮಲಾಳ ಬಳಿಗೆ. ಅವಳು ಅರ್ಜಿಯನ್ನು ಹೊಲಿಗೆ ಮೇಜಿನ ಮೇಲಿಟ್ಟು, ಎರಡು ರವಿಕೆಗಳ ನಡುವಿನ ಬಿಡುವಿನಲ್ಲಿ ತುಂಬಿ ಮುಗಿಸಿ ಚೆಕ್ಕು ಕೊಟ್ಟಳು. ಚೆಕ್ಕು ಬರೆಯುವಾಗ ವಿದ್ವತ್ತಿಗೆ ಸಂಬಂಧಿಸಿದಂತೆ ನನ್ನನ್ನು ಒಂದೇ ಒಂದು ಮಾತು ಕೇಳಿದಳು: ಇವತ್ತು ತಾರೀಕು ಎಷ್ಟು?

ಹೇಳಿದೆ.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಜೋಶಿ ಕಾಕುವನ್ನು ಕೂಗಿ ಇನ್ನೊಮ್ಮೆ ಕೇಳಿದಳು.