ಮೂವತ್ತೊಂದನೇ ಪುಟದ ಬದನೆಕಾಯಿ

ಬೈಂಡರನ ಹೆಂಡತಿ ಮಾಡುವ ಬೆಳ್ಳುಳ್ಳಿ ಬದನೆಕಾಯಿ ಪ್ರೆಸ್ಸಿನ ಅಡುಗೆ ಪುಸ್ತಕದಲ್ಲಿ ಮ್ಯಾನೇಜರನ ಹೆಂಡತಿಯ ಹೆಸರಿನಲ್ಲಿ ಅಚ್ಚಾಯಿತು. ಮೂವತ್ತೊಂದನೇ ಪುಟ. ಐನೂರು ಪ್ರತಿ.

ಆ ಐನೂರನ್ನೂ ಮಡಚಿ, ಹೊಲಿದು, ಅಂಚು ಕತ್ತರಿಸಿದವನು ಬೈಂಡರನೇ. ಆದರೆ ಅವನ ಕಣ್ಣಿಗೆ ಪುಟದ ಅಂಕಿ ಕಾಣುತ್ತದೆಯೇ ಹೊರತು ಪುಟ ಕಾಣುವುದಿಲ್ಲ. ಮೂವತ್ತಾದ ಮೇಲೆ ಮೂವತ್ತೊಂದು ಬಂತೋ, ಅಲ್ಲಿಗೆ ಅವನ ಓದು ಮುಗಿಯಿತು. ಒಂದು ಪ್ರತಿಯನ್ನು ಅಂಗಿಯೊಳಗೆ ಬಚ್ಚಿಟ್ಟು ತಂದವನು ಬೆಳಗಿನ ಚಹಾದ ಜೊತೆ ಅದನ್ನು ಹೆಂಡತಿಯ ಮುಂದಿಟ್ಟು, ಮದುಮಗನ ಹಾಗೆ ಎದೆಯುಬ್ಬಿಸಿ ಕುಳಿತ.

ಅವಳು ಓದಿದಳು. ಚಹಾ ಆರಿತು.

"ರೀ, ಇವರ್ಯಾರು?"

"ಯಾರು?"

"ನನ್ನ ಬದನೆಕಾಯಿ ಮಾಡಿರೋರು."

ಬೈಂಡರ ಹೆಸರು ನೋಡಿದ. ಎದೆ ಗಾಳಿ ಬಿಟ್ಟ ಬಲೂನಿನಂತೆ ಒಳಗೆ ಹೋಯಿತು.

"ಒಂಬತ್ತು ಎಸಳು ಬೆಳ್ಳುಳ್ಳಿ ನಂದು. ಕೆಂಡದ ಮೇಲೆ ಸುಡೋದು ನಮ್ಮಮ್ಮ ಹೇಳಿಕೊಟ್ಟಿದ್ದು. ಇಲ್ನೋಡಿ, 'ನಡುವೆ ಬೆಕ್ಕನ್ನು ಹೊರಗೆ ಓಡಿಸಿ' ಅಂತಾನೂ ಇದೆ. ಅವತ್ತು ನಾನು ಹೇಳ್ತಾ ಇದ್ದೆ, ನೀವು ಬರ್ಕೋತಾ ಇದ್ರಿ, ಬೆಕ್ಕು ಬಂತು. ಅದನ್ನೂ ಬರ್ಕೊಂಡಿದ್ದೀರಾ!"

"ನೀನು ಹೇಳಿದ್ದನ್ನೆಲ್ಲ ಬರೆದೆ ಕಣೇ."

"ಎಲ್ಲ ಬರೆದ್ರಿ. ಯಾರು ಹೇಳಿದ್ದು ಅಂತ ಬರೀಲಿಲ್ಲ. ಇವತ್ತು ಆ ಹೆಸರು ತೆಗ್ಸಿ, ನನ್ನ ಹೆಸರು ಹಾಕ್ಸಿ ಬನ್ನಿ. ಇಲ್ದಿದ್ರೆ ನಾಳೆ ಹಬ್ಬದೂಟಕ್ಕೆ ನಿಮ್ಮ ಡಬ್ಬಿ ಖಾಲಿ."

ಆ ಊಟವನ್ನು ಶುರುಮಾಡಿದ್ದು ಪ್ರೆಸ್ಸಿನ ಕೆಲಸಗಾರರು. ಹನ್ನೆರಡು ವರ್ಷದಿಂದ, ವರ್ಷದ ದೊಡ್ಡ ರಜೆಯ ದಿನ, ನಿಂತ ಯಂತ್ರಗಳ ನಡುವೆ ಬೈಂಡಿಂಗ್ ಮೇಜಿನ ಮೇಲೆ ರದ್ದಿ ಹಾಳೆ ಹಾಸಿ, ಪ್ರತಿಯೊಬ್ಬರೂ ಮನೆಯಿಂದ ತಂದದ್ದನ್ನು ಹಂಚಿಕೊಂಡು ತಿನ್ನುತ್ತಿದ್ದರು. ಮಷಿನ್‌ಮ್ಯಾನ್ ತಾಯಿಯ ಹುರಿದ ಮೀನು. ಪ್ರೂಫ್ ನೋಡುವ ಅಕ್ಕನ ಕುಂಬಳಕಾಯಿ ಸಾರು. ಬೈಂಡರನ ಡಬ್ಬಿ ಬಂದಾಗ ಮಾತ್ರ ಎಲ್ಲರ ಮಾತೂ ನಿಲ್ಲುತ್ತಿತ್ತು. ಹೋದ ವರ್ಷ ಮ್ಯಾನೇಜರ ಬಾಗಿಲಲ್ಲಿ ನಿಂತು ಮೂಗು ಅರಳಿಸಿದ. ಈ ವರ್ಷ ಊಟ ಪ್ರೆಸ್ಸಿನದಾಯಿತು, ಕೆಲಸಗಾರರಿಂದ ಚೀಟಿಯಲ್ಲಿ ಬರೆಸಿಕೊಂಡ ಅಡುಗೆಗಳು ಗಿರಾಕಿಗಳಿಗೆ ಕೊಡುವ ಪುಸ್ತಕವಾದವು. ಮೇಜಿಗೆ ಕೂರುವವರು ಗಿರಾಕಿಗಳು, ಬಡಿಸುವವರು ಕೆಲಸಗಾರರು. ಕಿತ್ತುಕೊಂಡದ್ದಕ್ಕೆ ಮ್ಯಾನೇಜರ ಇಟ್ಟ ಹೆಸರು 'ನಮ್ಮ ಕುಟುಂಬದ ಊಟ'.

ಬೈಂಡರ ಸುದ್ದಿ ಹೇಳಿದ್ದೇ ತಡ, ಪ್ರೆಸ್ಸು ಕುದಿಯಿತು.

"ನುಗ್ಗು ಅಣ್ಣ, ಮ್ಯಾನೇಜರ್ ರೂಮಿಗೆ! ನಾವಿಲ್ವಾ?" ಎಂದ ಮಷಿನ್‌ಮ್ಯಾನ್. "ಒಂಬತ್ತನೇ ಪುಟ ನೋಡು. ನಮ್ಮಮ್ಮನ ಮೀನು ಮಾಲೀಕರ ನಾದಿನಿ ಹೆಸರಲ್ಲಿ ಈಜ್ತಾ ಇದೆ."

"ಮತ್ತೆ ನೀನ್ಯಾಕೆ ಕೇಳ್ಲಿಲ್ಲ?"

"ನೀನು ಕೇಳ್ತೀಯೇನೋ ಅಂತ ಕಾಯ್ತಾ ಇದ್ದೆ."

ಪ್ರೂಫ್ ಅಕ್ಕ ಕನ್ನಡಕ ಒರೆಸಿದಳು. "ನಂಗೆ ಆ ಬೆಕ್ಕಿನ ಮೇಲೆ ಅನುಮಾನ ಬಂದಿತ್ತಪ್ಪ. ಆದ್ರೆ ಕಾಗುಣಿತ ಸರಿಯಿತ್ತು. ಬಿಟ್ಟೆ."

ಮೂವರೂ ಸೇನೆಯ ಹಾಗೆ ಹೊರಟರು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಬೈಂಡರ ಹಿಂತಿರುಗಿ ನೋಡಿದರೆ ಮಷಿನ್‌ಮ್ಯಾನ್ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅಕ್ಕ ಒಂದು ಅಲ್ಪವಿರಾಮವನ್ನು ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದಳು.

"ಏನಯ್ಯಾ?" ಎಂದ ಮ್ಯಾನೇಜರ.

"ಸರ್, ಮೂವತ್ತೊಂದನೇ ಪುಟ... ಅದು ನಮ್ಮ ಮನೇದು."

"ನಿನ್ನ ಚೀಟಿ ಮೇಲೆ ಹೆಸರೇ ಇರ್ಲಿಲ್ಲ. ಅನಾಥ ಅಡುಗೆ! ಪಾಪ ಅಂತ ನಮ್ಮವಳು ಆಶ್ರಯ ಕೊಟ್ಟಳು. ಕೈ ಮುಗಿಯೋದು ಬಿಟ್ಟು ತಕರಾರು ತೆಗೀತೀಯಾ?"

ಬೈಂಡರನ ನೆತ್ತಿಯಲ್ಲಿ ಏನೋ ಸಿಡಿಯಿತು. ಇಪ್ಪತ್ತು ವರ್ಷ ದಬ್ಬಳ ಹಿಡಿದ ಕೈ ಮೇಜಿನ ಮೇಲೆ ಬಡಿಯಿತು. "ಬೆಕ್ಕು ಯಾರದು ಸರ್? ನಿಮ್ಮ ಮನೇಲಿ ಬೆಕ್ಕಿದೆಯಾ? ಹೇಳಿ! ಬೆಕ್ಕು ಯಾರದು?"

ಮ್ಯಾನೇಜರ ಬಾಯಿ ತೆರೆದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತಲಿನ ಹೆಂಗಸಿನ ದನಿ ಎಷ್ಟು ಜೋರಾಗಿತ್ತೆಂದರೆ ಬೈಂಡರನಿಗೂ ಸ್ಪಷ್ಟವಾಗಿ ಕೇಳಿಸಿತು.

"ಏನ್ರೀ ಇದು, ಬೆಕ್ಕು? ನನ್ನ ಅಕ್ಕ ಓದಿ ಬಿದ್ದೂಬಿದ್ದೂ ನಗ್ತಾ ಇದ್ದಾಳೆ! 'ನಿನ್ನ ಅಡುಗೆಮನೇಲಿ ಬೆಕ್ಕು ಬಾಯಿ ಹಾಕಿದ್ಮೇಲೆ ಬಡಿಸ್ತೀಯಾ' ಅಂತ ಕೇಳ್ತಾಳೆ! ನನ್ನ ಹೆಸರು ತೆಗೀರಿ! ಈಗ್ಲೇ!"

ಫೋನು ಕೆಳಗಿಟ್ಟ ಮ್ಯಾನೇಜರನ ಮುಖ ಹಿಂಡಿದ ಒದ್ದೆ ಬಟ್ಟೆಯಾಗಿತ್ತು. ಅವನು ಒಂದು ಹಾಳೆ ಹರಿದು ಮುಂದಕ್ಕೆ ತಳ್ಳಿದ.

"ತಿದ್ದುಪಡಿ ಚೀಟಿ ಹಾಕೋಣ. ಇಲ್ಲಿ ಹೆಸರು ಬರಿ. ಬೇಗ ಬರಿ!"

ಬೈಂಡರ ಬರೆದ. ಕೈ ತಡೆಯಲೇ ಇಲ್ಲ. ಪಡಿತರ ಚೀಟಿ, ಶಾಲೆಯ ಅರ್ಜಿ, ಬಾಡಿಗೆ ಕರಾರು, ಹೀಗೆ ಹೆಸರು ಬರಿ ಎಂದು ಯಾರು ಯಾವ ಕಾಗದ ಮುಂದಿಟ್ಟರೂ ಆ ಕೈ ತಡೆದದ್ದಿಲ್ಲ. ಮ್ಯಾನೇಜರ ಚೀಟಿ ಕಿತ್ತುಕೊಂಡು ಯಂತ್ರಕ್ಕೆ ಕಳಿಸಿದ.

ಹೊರಗೆ ಸೇನೆ ಮತ್ತೆ ಕೂಡಿತು. "ಗೆದ್ದುಬಿಟ್ಯಲ್ಲಣ್ಣ!" ಎಂದು ಮಷಿನ್‌ಮ್ಯಾನ್ ಬೆನ್ನು ತಟ್ಟಿದ. ಚೀಟಿ ಅಚ್ಚುಹಾಕುತ್ತಾ ಒಮ್ಮೆ ಓದಿ, "ಜೋರಿದ್ದೀಯ ಬಿಡು" ಎಂದು ವಿಚಿತ್ರವಾಗಿ ನಕ್ಕ. ಅದು ಹೊಗಳಿಕೆ ಎಂದು ಬೈಂಡರ ಬೀಗಿದ.

ಐನೂರು ಚೀಟಿಗೆ ಅಂಟು ಹಚ್ಚಿ ಅಂಟಿಸುವ ಕೆಲಸ ಯಾರದು? ಗೆದ್ದವನದೇ. ಮಧ್ಯಾಹ್ನದ ಊಟ ಬಿಟ್ಟು ಅಂಟಿಸಿದ. ಬೆರಳುಗಳು ಒಂದಕ್ಕೊಂದು ಹತ್ತಿಕೊಂಡು ಬಾತುಕೋಳಿಯ ಪಾದವಾದವು. ಚೀಟಿ ನೆಟ್ಟಗಿದೆಯೇ, ಹಳೆಯ ಹೆಸರು ಪೂರಾ ಮುಚ್ಚಿದೆಯೇ, ಅಷ್ಟನ್ನೇ ನೋಡಿದ.

ಸಂಜೆ ಹೊರಡುವಾಗ ಮ್ಯಾನೇಜರ ಹಿಂದಿನಿಂದ ಕೂಗಿದ. "ಏಯ್, ಮಾಲೀಕರಿಗೆ ಬೆಕ್ಕಿನ ಕಥೆ ಭಾರಿ ಹಿಡಿಸಿದೆಯಂತೆ. ನಾಳೆ ಅರವತ್ತು ಗಿರಾಕಿಗಳಿಗೂ ಅದೇ ಬದನೆಕಾಯಿ ಆಗ್ಬೇಕು. ಹೆಸರು ಹಾಕಿಸ್ಕೊಂಡ ಮನೆಯಿಂದಲೇ. ಕಾಯಿ ಕಳಿಸಿದ್ದೀನಿ. ಹತ್ತು ಗಂಟೆಗೆ ಬಿಸಿಬಿಸಿ ತರ್ಬೇಕು. ಇಲ್ದಿದ್ರೆ ರಜೆ ಮುಗಿದ ಮೇಲೆ ಈ ಕಡೆ ಬರ್ಬೇಡ."

ಮನೆಯ ಅಡುಗೆಕಟ್ಟೆಯ ಪಕ್ಕ ಎರಡು ಮೂಟೆ ಬದನೆಕಾಯಿ ಕುಳಿತಿದ್ದವು, ಕರೆಯದೆ ಬಂದ ನೆಂಟರ ಹಾಗೆ. ಮೇಲಿನ ಮೂಟೆಯ ಮೇಲೆ ಬೆಕ್ಕು.

"ಆಯ್ತು ಕಣೇ!" ಎಂದು ಬೈಂಡರ ಪುಸ್ತಕವನ್ನು ಹೆಂಡತಿಯ ಕೈಗಿಟ್ಟ. "ಮೇಜು ಕುಟ್ಟಿ ಕೇಳ್ದೆ. ಮೇಜು! ನೋಡು, ತಿದ್ದಿಸಿದ್ದೀನಿ. ನಾಳೆ ಅರವತ್ತು ಜನಕ್ಕೆ ಮಾಡ್ಬೇಕಂತೆ. ಬೇಗ ಎದ್ದು ಕೆಂಡ ಮಾಡ್ಕೋ."

ಅವಳು ಮೂವತ್ತೊಂದನೇ ಪುಟ ತೆರೆದಳು. ಈ ಸಲ ಬಹಳ ಹೊತ್ತು ಓದಲಿಲ್ಲ.

"ರೀ, ನೀವಿದನ್ನ ಓದಿದ್ರಾ?"

"ಐನೂರೂ ನಾನೇ ಅಂಟಿಸ್ದೆ."

"ಓದಿದ್ರಾ ಅಂದೆ."

ಬೈಂಡರ ಬಗ್ಗಿ ನೋಡಿದ. ಚೀಟಿ ನೆಟ್ಟಗಿತ್ತು. ಮ್ಯಾನೇಜರನ ಹೆಂಡತಿಯ ಹೆಸರು ಪೂರಾ ಮುಚ್ಚಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ, ಒಂದೇ ಒಂದು ಕಾಗುಣಿತ ತಪ್ಪಿಲ್ಲದೆ, ಅವನದೇ ಹೆಸರಿತ್ತು.

"ಅಯ್ಯೋ... ಕೈ ರೂಢಿ ಕಣೇ... ಹೆಸರು ಬರಿ ಅಂದ್ರು..."

"ಬರೆದ್ರಿ." ಅವಳು ಕಾಯಿ ಹೆಚ್ಚುವ ಮೆಟ್ಟುಗತ್ತಿಯನ್ನು ಅವನ ಕಾಲ ಬಳಿ ಇಟ್ಟಳು. ಪುಸ್ತಕವನ್ನು ಅದರ ಪಕ್ಕದಲ್ಲಿ ತೆರೆದಿಟ್ಟಳು. "ಎಲ್ಲ ಇದರಲ್ಲಿದೆ. ಓದ್ಕೊಂಡು ಮಾಡಿ."

"ಅರವತ್ತು ಜನ ಕಣೇ! ಕೆಲಸ ಹೋಗುತ್ತೆ! ನೀನೇ ಮಾಡ್ಬೇಕು!"

"ಮಾಡಲ್ಲ."

"ಹೋಗ್ಲಿ, ಕಾಯಿ ಆದ್ರೂ ಹೆಚ್ಚಿಕೊಡು."

"ಹೆಚ್ಚಲ್ಲ."

ಬೈಂಡರ ಅಂಟು ಮೆತ್ತಿದ ಕೈಯಲ್ಲಿ ಮೂಟೆಯ ಬಾಯಿ ಬಿಚ್ಚಹೊರಟ. ಬೆಕ್ಕು ಅಲ್ಲಾಡಲಿಲ್ಲ. ಅವನ ಮುಖ ನೋಡಿ ನಿಧಾನಕ್ಕೆ ಆಕಳಿಸಿತು.

"ಈ ಬೆಕ್ಕನ್ನಾದ್ರೂ ಓಡ್ಸೇ!"

ಹೆಂಡತಿ ಹೊಸ್ತಿಲ ಮೇಲೆ ಕೂತು ಕಾಲು ಚಾಚಿದಳು.

"ಅದನ್ನೂ ಓಡ್ಸಲ್ಲ."