ತಂಬಾಕಿಲ್ಲದ ಮನೆ

ಚಟವಿಲ್ಲದ ಗಂಡಸಿನಷ್ಟು ತಲೆ ತಿನ್ನುವ ಪ್ರಾಣಿ ಇನ್ನೊಂದಿಲ್ಲ. ಆ ಪ್ರಾಣಿ ನಾನೇ. ಮಿರಜದ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಬೀಡಿ ಹಚ್ಚಿಕೊಂಡು ಮೆಟ್ಟಿಲೇರಿದ ಗಿರಾಕಿಗೆ ಧೋತರ ತೋರಿಸುವ ಮೊದಲು ಉಪದೇಶ ಶುರು ಮಾಡುತ್ತೇನೆ. ಎಷ್ಟೋ ಜನ ಉಪದೇಶ ನನ್ನಲ್ಲಿ ಕೇಳಿ, ಧೋತರವನ್ನು ಎದುರಿನ ಅಂಗಡಿಯಲ್ಲಿ ಕೊಂಡಿದ್ದಾರೆ.

ಹೋದ ವರ್ಷ, ದೇಶದಲ್ಲಿ ಯಾರ್ಯಾರು ತಂಬಾಕು ಬಳಸುತ್ತಾರೆಂಬ ಸಮೀಕ್ಷೆಗೆ ಒಬ್ಬ ಹುಡುಗಿ ಮನೆಗೆ ಬಂದಳು. ಈ ಮನೆಯಲ್ಲಿ ತಂಬಾಕಿನ ಹೆಸರೇ ಇಲ್ಲವೆಂದು ಮರಾಠಿಯಲ್ಲಿ ಎದೆಯುಬ್ಬಿಸಿ ಸಾರಿದೆ. ಮನೆಯವರನ್ನೂ ಕೇಳಬೇಕು ಎಂದಳು. ನನ್ನ ಹೆಂಡತಿ ಕಮಲಾ ಹಿತ್ತಲಿನಿಂದ ಬಂದು ಇಲ್ಲವೆಂದು ತಲೆಯಾಡಿಸಿದಳು. ಮಾತಾಡುವಂತಿರಲಿಲ್ಲ, ಬಾಯಿ ತುಂಬ ಮಿಶ್ರಿ ಇತ್ತು.

ಮಿಶ್ರಿಯೆಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ನಮ್ಮ ಕಡೆ ಹೆಂಗಸರು ಅದನ್ನು ಬೆಳಿಗ್ಗೆ ಹಲ್ಲಿಗೆ ತಿಕ್ಕುತ್ತಾರೆ, ಊಟವಾದ ಮೇಲೆ ತಿಕ್ಕುತ್ತಾರೆ, ಮನಸ್ಸಿಗೆ ಬೇಸರವಾದರೂ ತಿಕ್ಕುತ್ತಾರೆ. ಪೇಟೆಯಿಂದ ಎಲೆ ತಂದುಕೊಡುವವನು ನಾನೇ. ಹುರಿಯುವಾಗ ಓಣಿಯೆಲ್ಲ ಸೀನುತ್ತದೆ. ಆದರೂ ಅದನ್ನು ತಂಬಾಕೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಹಲ್ಲುಪುಡಿ. ಹೀಗೆ ನಮ್ಮಿಬ್ಬರನ್ನೂ ದೇಶದ ನಿರ್ವ್ಯಸನಿಗಳ ಸಾಲಿಗೆ ಸೇರಿಸಿಕೊಂಡು ಹುಡುಗಿ ಹೊರಟುಹೋದಳು.

ಈಗ ಕಮಲಾಗೆ ಚೂರು ಖಾರ ತಾಗಿದರೂ ಬಾಯಿ ಉರಿಯುತ್ತದೆ. ಕೆನ್ನೆಯ ಒಳಗೊಂದು ಬಿಳಿ ಕಲೆ. ನಿನ್ನೆ ಡಾಕ್ಟರು ತಂಬಾಕಿನ ಚಟ ಉಂಟೇ ಎಂದು ಅವಳನ್ನು ಕೇಳಿದರು. ಇಲ್ಲವೆಂದು ನಾನು ಹೇಳಿದೆ. ಮಿಶ್ರಿ ಹಚ್ಚುತ್ತಾರೇನು ಎಂದರು. ಅದು ಹಲ್ಲಿಗೆ ಎಂದೆ.

"ಹುರಿದ್ರೂ ಅದು ತಂಬಾಕ ರೀ ಕಾಕಾ. ಇನ್ನ ಅವರಿಗೆ ಮಾತಾಡಾಕ ಬಿಡ್ರಿ," ಎಂದರು ಡಾಕ್ಟರು.

ಕಲೆಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಏನೆಂಬುದು ಮುಂದಿನ ವಾರ ತಿಳಿಯುತ್ತದೆ. ಅಲ್ಲಿಯವರೆಗೆ ನನಗೆ ಅನ್ನ ಸೇರುವುದಿಲ್ಲ. ಕಂಡ ಕಂಡವರಿಗೆ ಮಾಡಿದ ಉಪದೇಶದಲ್ಲಿ ಒಂದು ಮಾತನ್ನೂ ಮನೆಯ ಹಿತ್ತಲಿಗೆ ನಾನು ಒಯ್ಯಲಿಲ್ಲ.

ನಿನ್ನೆ ದವಾಖಾನೆಯಿಂದ ವಾಪಸು ಬರುವಾಗ ರಿಕ್ಷಾದಲ್ಲಿ ಕಮಲಾ, "ಆ ಹುಡುಗಿ ಮತ್ತ ಬಂದ್ರ ನೀವು ಏನೂ ಹೇಳಬ್ಯಾಡ್ರಿ, ನಾನ ಹೇಳ್ತೇನಿ. ಈಗ ನನ್ನ ಬಾಯಿ ಖಾಲಿ ಐತಿ," ಎಂದಳು.

ಇವತ್ತು ಅಂಗಡಿಗೆ ಒಬ್ಬ ಗಿರಾಕಿ ಬೀಡಿ ಸೇದುತ್ತಲೇ ಬಂದ. ನಾನು ತುಟಿ ಬಿಚ್ಚದೆ ಧೋತರ ತೋರಿಸಿದೆ. ಎರಡು ಕೊಂಡುಹೋದ.