ಚಿಕ್ಕ ಶಿಖರ, ದೊಡ್ಡ ರಗಳೆ

ಹಿಮಾಲಯ ಹತ್ತುವವಳಿಗೆ ಚಳಿ, ಗಾಳಿ, ಉಸಿರು ಇವೇ ಕಷ್ಟ ಅಂತ ಜನ ತಿಳ್ಕೊಂಡಿದ್ದಾರೆ. ಸುಳ್ಳು. ಕಷ್ಟ ಕೊಡೋರು ನಮ್ಮ ಜನಾನೇ, ಅದೂ ಒಂದು ವಾರಾನೂ ತಪ್ಪದೆ. ಹೋದ ಸಲ ನೇಪಾಳದಲ್ಲಿ ತುದಿ ಕಣ್ಣಿಗೆ ಕಾಣ್ತಿದ್ದರೂ ಗಾಳಿ ಜೋರಾಗಿ ವಾಪಸ್ ಇಳಿದಿದ್ದೆ. ಈ ಸಲ ಡಾಕ್ಟರು, "ನಿಮ್ಮ ಮಂಡಿ ಇನ್ನೊಂದೇ ಒಂದು ಶಿಖರ ತಡ್ಕೊಳ್ಳತ್ತೆ, ಅಷ್ಟೇ," ಅಂದಿದ್ದರು. ಅಂದ್ರೆ ಇದೇ ಕೊನೆ. ನನ್ನ ತಲೆ ಎಷ್ಟು ಕಾದಿತ್ತು ಅಂತ ನೀವೇ ಯೋಚಿಸಿ.

೧. ಓ, ಚಿಕ್ಕದಾ?

ಅಮೆರಿಕದಲ್ಲಿ, ನಮ್ಮ ಮನೆ ಹತ್ತಿರದ ಸರಟೋಗಾದ ಗುಡ್ಡದ ಮೇಲೆ ಒಂದು ಗೃಹಪ್ರವೇಶ. ಎಂಜಿನಿಯರ್ ಮಹಾಶಯರೊಬ್ಬರು ಕೋಸಂಬರಿ ಮೆಲ್ಲುತ್ತಾ ಕೇಳಿದರು, "ಎವರೆಸ್ಟಾ?"

"ಅಲ್ಲ ಸಾರ್. ಆರು ಸಾವಿರ ಮೀಟರಿನದು."

"ಓ, ಚಿಕ್ಕದು!"

ಮೈಯೆಲ್ಲ ಉರಿದುಹೋಯ್ತು. ಕಾರುಗಳೆಲ್ಲ ಗುಡ್ಡದ ಕೆಳಗೆ ನಿಂತಿದ್ದವು. ಊಟ ಮುಗಿಸಿ ಹೊರಟ ಈ ಪುಣ್ಯಾತ್ಮರು ಹೆಂಡತಿಗೆ, "ಕಾರು ಮೇಲಕ್ಕೇ ತಗೊಂಡ್ಬಾರೇ, ನನ್ಕೈಲಿ ಇಳಿಯಕ್ಕಾಗಲ್ಲ," ಅಂದರು.

೨. ಸೋನಾ ಮಸೂರಿ

ಭಾರ ಹೊತ್ತು ಅಭ್ಯಾಸ ಮಾಡಬೇಕಲ್ಲ, ಬ್ಯಾಗಿಗೆ ಅಕ್ಕಿ ಮೂಟೆ ತುರುಕಿ ಅದೇ ಗುಡ್ಡ ಹತ್ತುತ್ತಿದ್ದೆ. ಏದುಸಿರು, ಮುಖ ಕೆಂಪು. ವಾಕಿಂಗ್ ಬಂದಿದ್ದ ಹಾಸನದ ಆಂಟಿಯೊಬ್ಬರು ಗಾಬರಿಯಾಗಿ ನನ್ನನ್ನ ನಿಲ್ಲಿಸಿದರು. ಪಾಪ, ನೀರು ಕೊಡ್ತಾರೇನೋ ಅಂದ್ಕೊಂಡೆ. ಅವರು ಬ್ಯಾಗಿಂದ ಇಣುಕ್ತಿದ್ದ ಮೂಟೆ ಮುಟ್ಟಿ ನೋಡಿ, "ಸೋನಾ ಮಸೂರಿನಾ? ಎಲ್ಲಮ್ಮ ಸೇಲು? ಮೇಲೊಂದು ಅಂಗಡಿ ಆಗಿದ್ಯಾ?" ಅಂದರು.

ಕೋಪಕ್ಕೆ ಹೌದು ಅಂದ್ಬಿಟ್ಟೆ. ಆಂಟಿ ನನಗಿಂತ ಮುಂಚೆ ತುದಿ ತಲುಪಿದ್ದರು.

೩. ಕೂತೇ ಬಿಟ್ಟರು

ಕೊನೆಗೂ ಶಿಖರದ ದಿನ. ಒಂದೇ ಹಗ್ಗಕ್ಕೆ ಮೂವರು: ಮುಂದೆ ಶೆರ್ಪಾ ಗೈಡು, ನಡುವೆ ನಾನು, ಹಿಂದೆ ನಮ್ಮ ಯಜಮಾನರು. ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು. ಬೆಳಕು ಹರಿದಿತ್ತು, ತುದಿ ಕೈಗೆ ಸಿಗೋ ಹಾಗಿತ್ತು. ಅಷ್ಟರಲ್ಲಿ ಹಗ್ಗ ಬಿಗೀತು. ತಿರುಗಿ ನೋಡಿದರೆ ಇವರು ಮೊಬೈಲು ಹಿಡಿದು ಹಿಮದ ಮೇಲೆ ಕೂತಿದ್ದಾರೆ.

"ಸ್ವಲ್ಪ ತಡಿಯೇ. ರಾಹುಕಾಲ ನಡೀತಿದೆ."

"ರೀ, ತಲೆ ಕೆಟ್ಟಿದ್ಯೇನ್ರೀ? ಗಾಳಿ ಏಳ್ತಿದೆ!"

"ಪಂಚಾಂಗದ ಆ್ಯಪು ತೋರಿಸ್ತಿದೆಯಲ್ಲೇ. ಶಿಖರಕ್ಕೆ ಕಾಲಿಡೋದು ಶುಭ ಕೆಲಸ."

ಗೈಡು ಹಿಂದಿಯಲ್ಲಿ, ಇನ್ನೂ ತಡವಾದರೆ ವಾಪಸ್ಸೇ ಅಂದ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಬೈದೆ, ಬೇಡಿಕೊಂಡೆ, ಅವರ ಇಡೀ ವಂಶ ಜಾಲಾಡಿದೆ. ಊಹೂಂ. ಕೊನೆಗೆ ಮೊಬೈಲು ಕಿತ್ತುಕೊಂಡು ನೋಡಿದೆ. ಭಾನುವಾರ ಸಂಜೆ ಅಂತಿದೆ! ಮನೆ ಬಿಡುವಾಗ ಆಫ್ ಮಾಡಿದ್ದನ್ನ ಈಗ ಆನ್ ಮಾಡಿದ್ದಾರೆ, ಸಿಗ್ನಲ್ಲಿಲ್ಲ, ಅದಿನ್ನೂ ಅಮೆರಿಕದ ನಮ್ಮೂರು ಮೌಂಟನ್ ವ್ಯೂ ಸಮಯಾನೇ ತೋರಿಸ್ತಿದೆ.

"ಇಲ್ಲಿ ಸೋಮವಾರ ಬೆಳಗ್ಗೆ ಕಣ್ರೀ! ಇದು ನಮ್ಮ ಅಪಾರ್ಟ್‌ಮೆಂಟಿನ ರಾಹುಕಾಲ! ಏಳ್ರೀ ಮೇಲೆ!"

ಪೆಚ್ಚಾಗಿ ಎದ್ದರು. ನಾಲ್ಕು ಹೆಜ್ಜೆ ಹಾಕಿ ಮತ್ತೆ ನಿಂತರು. ಬೆರಳು ಮಡಿಚಿ ಎಣಿಸಿ, "ಅಯ್ಯಯ್ಯೋ, ಸೋಮವಾರ ಅಂದ್ರೆ ಇಲ್ಲಿ ರಾಹುಕಾಲ ಈಗ ತಾನೇ ಶುರುವಾಯ್ತಲ್ಲೇ," ಅಂತ ಪುನಃ ಕೂತರು.

ನಾನು ಗೈಡಿಗೆ ಕಣ್ಸನ್ನೆ ಮಾಡಿದೆ. ಇಬ್ಬರೂ ಸೇರಿ ಹಗ್ಗ ಜಗ್ಗಿದೆವು.

ಫೋಟೋ ನಮ್ಮ ಹಾಲಿನ ಗೋಡೆ ಮೇಲಿದೆ. ಶಿಖರದ ಮೇಲೆ ನಾನು ನಿಂತಿದ್ದೀನಿ, ನನ್ನ ಕಾಲ ಬಳಿ ಅವರು ಕೂತಿದ್ದಾರೆ. ಬಂದವರೆಲ್ಲ ಯಾಕೆ ಅಂತ ಕೇಳ್ತಾರೆ. ಇವರದು ಒಂದೇ ಉತ್ತರ: "ನಾನು ಶಿಖರಕ್ಕೆ ಕಾಲಿಡಲೇ ಇಲ್ಲ, ಇವಳು ಎಳ್ಕೊಂಡು ಹೋದ್ಲು. ಹಾಗಾಗಿ ರಾಹುಕಾಲ ಲೆಕ್ಕಕ್ಕೆ ಬರಲ್ಲ."